ಆ ಸರ್ ಒಳ್ಳೆಯವರೋ ಅಲ್ಲವೋ ಎಂಬ ಪ್ರಶ್ನೆಯನ್ನು ಸದ್ಯ ಬದಿಗಿಡಿ

ಪ್ರಶ್ನೆ: ನನ್ನ ಮಗಳಿಗೆ ಹತ್ತು ವರ್ಷ. ಒಂದೂವರೆ ವರ್ಷದಿಂದ ಚೆಸ್ ಕ್ಲಾಸಿಗೆ ಹೋಗುತ್ತಿದ್ದಾಳೆ. ಕಲಿಸುವ ಸರ್ ಎಲ್ಲರಿಗೂ ಬೇಕಾದವರು, ನಮಗೂ. ಹುಟ್ಟುಹಬ್ಬಕ್ಕೆ ಇವಳೊಬ್ಬಳಿಗೇ ಚೆಸ್ ಗಡಿಯಾರ ಕೊಡಿಸಿದರು. ಕ್ಲಾಸ್ ಮುಗಿದ ಮೇಲೆ ಅರ್ಧ ಗಂಟೆ ಹೆಚ್ಚಿಗೆ ಕೂರಿಸಿಕೊಂಡು ಹೇಳಿಕೊಡುತ್ತಾರೆ, ಕೆಲವೊಮ್ಮೆ ತಾವೇ ಮನೆಗೆ ಬಿಡುತ್ತಾರೆ. ಮೊನ್ನೆ ಮಾತಿನ ಮಧ್ಯೆ ಮಗಳು, ‘ಸರ್ ಅವರ ಫೋನಲ್ಲಿ ಗೇಮ್ ಆಡೋಕೆ ಬಿಡ್ತಾರೆ, ಅಮ್ಮನಿಗೆ ಹೇಳಬೇಡ ಅಂದಿದ್ದಾರೆ’ ಎಂದಳು. ನನಗೆ ಎದೆ ಧಸಕ್ಕೆಂದಿತು. ಯಜಮಾನರಿಗೆ ಹೇಳಿದರೆ, ‘ನಿನಗೆ ಎಲ್ಲರ ಮೇಲೂ ಅನುಮಾನ, ಅಂಥ ದೇವರಂಥ ಮನುಷ್ಯನ ಮೇಲೂನಾ’ ಎಂದರು. ಗುಡ್ ಟಚ್, ಬ್ಯಾಡ್ ಟಚ್ ಅವಳಿಗೆ ಶಾಲೆಯಲ್ಲೇ ಹೇಳಿಕೊಟ್ಟಿದ್ದಾರೆ. ಅಷ್ಟು ಸಾಕಲ್ಲವೇ? ಮಗುವಿನ ವಿಶ್ವಾಸ ಗಳಿಸಿ ಮೆಲ್ಲಗೆ ಲೈಂಗಿಕ ದೌರ್ಜನ್ಯಕ್ಕೆ ಒಗ್ಗಿಸುವ ‘ಗ್ರೂಮಿಂಗ್’ ಬಗ್ಗೆ ಓದುತ್ತಿರುತ್ತೇನೆ, ಅದನ್ನು ಮೊದಲೇ ಗುರುತಿಸಲು ಬರುತ್ತದೆಯೇ? ಅಥವಾ ನಾನೇ ಸುಮ್ಮನೆ ಒಳ್ಳೆಯವರೊಬ್ಬರನ್ನು ಅನುಮಾನಿಸುತ್ತಿದ್ದೇನೆಯೇ?

ಉತ್ತರ: ನಿಮ್ಮ ಎದೆ ಧಸಕ್ಕೆಂದದ್ದಕ್ಕೆ ಕಾರಣವಿದೆ, ಅದನ್ನು ತಳ್ಳಿಹಾಕಬೇಡಿ. ಆದರೆ ಪತ್ರದ ಕೊನೆಯ ಪ್ರಶ್ನೆ ಇದೆಯಲ್ಲ, ಆ ಸರ್ ಒಳ್ಳೆಯವರೋ ಅಲ್ಲವೋ ಎಂಬುದು, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ನಿಮಗೂ ಸಿಗುವುದಿಲ್ಲ, ನಿಮ್ಮ ಯಜಮಾನರಿಗೂ ಸಿಗುವುದಿಲ್ಲ. ಇಷ್ಟು ವರ್ಷ ಮಕ್ಕಳ ಜೊತೆ ಇದೇ ಕೆಲಸ ಮಾಡಿದರೂ ಒಬ್ಬ ಮನುಷ್ಯನ ಮುಖ ನೋಡಿ ಹೇಳುವ ವಿದ್ಯೆ ನನಗೆ ಬಂದಿಲ್ಲ. ಬರುತ್ತದೆ ಎನ್ನುವವರನ್ನು ನಾನು ನಂಬುವುದೂ ಇಲ್ಲ. ಸಮಾಧಾನದ ಸಂಗತಿ ಏನೆಂದರೆ, ಮಗಳನ್ನು ಕಾಪಾಡಲು ಆ ಉತ್ತರ ಬೇಕಾಗಿಲ್ಲ.

ಇದು ಬರೀ ನನ್ನ ಅಭಿಪ್ರಾಯವಲ್ಲ. ಜಾರ್ಜಿಯಾ ವಿಂಟರ್ಸ್ ಮತ್ತು ಎಲಿಜಬೆತ್ ಜೆಗ್ಲಿಕ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞೆಯರು 2016ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬ ವಯಸ್ಕ ಮತ್ತು ಒಂದು ಮಗುವಿನ ಒಡನಾಟದ ಕಥೆಯನ್ನು ಜನರಿಗೆ ಓದಲು ಕೊಟ್ಟರು. ಕೊನೆಗೆ ದೌರ್ಜನ್ಯ ನಡೆಯಿತು ಎಂದು ತಿಳಿದವರಿಗೆ ಕಥೆಯುದ್ದಕ್ಕೂ ಸುಳಿವುಗಳು ಎದ್ದು ಕಂಡವು. ಅದೇ ಕಥೆಯನ್ನು ಕೊನೆ ಗೊತ್ತಿಲ್ಲದೆ ಓದಿದವರಿಗೆ ಅಷ್ಟೇನೂ ಕಾಣಲಿಲ್ಲ. ಮುಂದಿನ ವರ್ಷದ ಅಧ್ಯಯನದಲ್ಲಿ ಗ್ರೂಮಿಂಗ್ ಇರುವ ಕಥೆಯನ್ನೂ ಇಲ್ಲದ ಕಥೆಯನ್ನೂ ಕೊಟ್ಟು ನೋಡಿದರು. ಓದಿದವರಿಗೆ ಅವೆರಡನ್ನು ಬೇರೆ ಮಾಡಲು ಆಗಲಿಲ್ಲ. ‘ಮೊದಲೇ ಗೊತ್ತಾಗಬೇಕಿತ್ತು’ ಎಂದು ತಾಯಂದಿರು ನನ್ನೆದುರು ಅತ್ತಾಗಲೆಲ್ಲ ನಾನು ಹೇಳುವುದು ಇದನ್ನೇ. ಆಗಿಹೋದ ಮೇಲೆ ಕಾಣುವುದು ಆಗುವಾಗ ಕಾಣುವುದಿಲ್ಲ. ಕಾಣದಂತೆ ಮಾಡುವುದೇ ಗ್ರೂಮಿಂಗಿನ ಕೆಲಸ.

ಗ್ರೂಮಿಂಗ್ ಎಂಬುದಕ್ಕೆ ಕನ್ನಡದಲ್ಲಿ ಒಂದೇ ಪದ ನೆಲೆಯಾಗಿಲ್ಲ. ನಾನು ‘ಪಳಗಿಸುವುದು’ ಎನ್ನುತ್ತೇನೆ. ಒತ್ತಾಯವಿಲ್ಲದೆ, ಹೆದರಿಸದೆ, ತಿನ್ನಿಸಿ ಮೈದಡವಿ ಹತ್ತಿರ ಮಾಡಿಕೊಳ್ಳುವುದು ಅದರಲ್ಲಿ ಬರುತ್ತದೆ. ಆದರೆ ಒಂದು ವಿಷಯ ಆ ಪದದಲ್ಲೂ ತಪ್ಪಿಹೋಗುತ್ತದೆ, ಪಳಗುವುದು ಮಗು ಮಾತ್ರವಲ್ಲ. ಬ್ರಿಟನ್ನಿನ ಸಂಶೋಧಕಿ ಸಮಂತಾ ಕ್ರೇವನ್ ಮತ್ತು ಸಹೋದ್ಯೋಗಿಗಳು 2006ರಲ್ಲಿ ಇದನ್ನು ಮೂರು ಮುಖವಾಗಿ ಬಿಡಿಸಿದರು. ಆ ವ್ಯಕ್ತಿ ಮೊದಲು ತನ್ನನ್ನು ತಾನೇ ಒಪ್ಪಿಸಿಕೊಳ್ಳುತ್ತಾನೆ, ‘ನಾನೇನು ಕೆಡುಕು ಮಾಡುತ್ತಿಲ್ಲ’ ಎಂದು. ಸುತ್ತಲಿನವರನ್ನು ಒಲಿಸಿಕೊಳ್ಳುತ್ತಾನೆ. ಮಗುವನ್ನೂ ಒಲಿಸಿಕೊಳ್ಳುತ್ತಾನೆ. ಇವುಗಳಲ್ಲಿ ಎರಡನೆಯದನ್ನು ನಾವು ಮರೆಯುವುದೇ ಹೆಚ್ಚು. ಮನೆಯವರಿಗೆ ಉಪಕಾರಿ, ಕೇಳದೆಯೇ ಒದಗುವವನು, ಇವನ ಬಗ್ಗೆ ಯಾರಾದರೂ ಬಾಯಿ ತೆರೆದರೆ ಊರೇ ಅವನ ಪರ ನಿಲ್ಲುವಂಥವನು. ನಿಮ್ಮ ಯಜಮಾನರು ‘ದೇವರಂಥ ಮನುಷ್ಯ’ ಎಂದರಲ್ಲ, ನಿಜವಾಗಿ ದೇವರಂಥವರಿಗೂ ಆ ಮಾತು ಬರುತ್ತದೆ, ಆ ಹೆಸರನ್ನು ಬೇಕೆಂದೇ ಗಳಿಸಿದವರಿಗೂ ಬರುತ್ತದೆ. ಹೊರಗಿನಿಂದ ವ್ಯತ್ಯಾಸ ತಿಳಿಯುವುದಿಲ್ಲ. ಹಾಗೆಂದು ಆ ಮಾತಿಗಾಗಿ ಅವರೊಡನೆ ಜಗಳಕ್ಕಿಳಿಯಬೇಡಿ. ಅವರಿಗೆ ಕಂಡದ್ದು ಸುಳ್ಳಲ್ಲ, ಅದು ಏನನ್ನೂ ಸಾಬೀತು ಮಾಡುವುದಿಲ್ಲ, ಅಷ್ಟೇ.

2020ರಲ್ಲಿ ವಿಂಟರ್ಸ್ ತಂಡವೇ ಈ ಕ್ಷೇತ್ರದ ತಜ್ಞರನ್ನು ಕೇಳಿ, ಐದು ಹಂತಗಳಲ್ಲಿ 42 ನಡವಳಿಕೆಗಳ ಪಟ್ಟಿ ಮಾಡಿತು: ಮಗುವನ್ನು ಆರಿಸಿಕೊಳ್ಳುವುದು, ಅದರ ಬಳಿ ಹೋಗುವ ಅವಕಾಶ ಪಡೆದು ಒಂಟಿಯಾಗಿಸುವುದು, ವಿಶ್ವಾಸ ಗಳಿಸುವುದು, ಲೈಂಗಿಕ ಮಾತಿಗೂ ಸ್ಪರ್ಶಕ್ಕೂ ಮೆಲ್ಲಗೆ ಒಗ್ಗಿಸುವುದು, ಕೊನೆಗೆ ಬಾಯಿ ಮುಚ್ಚಿಸಿ ಇಟ್ಟುಕೊಳ್ಳುವುದು. ಉಡುಗೊರೆ, ಹೊಗಳಿಕೆ, ಹೆಚ್ಚಿನ ಗಮನ ಎಲ್ಲವೂ ಆ ಪಟ್ಟಿಯಲ್ಲಿವೆ. ಈಗ ಒಬ್ಬ ಒಳ್ಳೆಯ ಮೇಷ್ಟ್ರನ್ನು ನೆನಪಿಸಿಕೊಳ್ಳಿ. ಚುರುಕಾದ ಮಗುವನ್ನು ಗುರುತಿಸುತ್ತಾರೆ, ಹೊಗಳುತ್ತಾರೆ, ತಮ್ಮ ಕೈಯಿಂದಲೇ ಪುಸ್ತಕ ಕೊಡಿಸುತ್ತಾರೆ. ಚೆಸ್ ಗಡಿಯಾರ ಒಂದನ್ನೇ ಹಿಡಿದು ಯಾರೂ ಏನೂ ಹೇಳಲಾರರು. ನಾನೂ ಹೇಳುವುದಿಲ್ಲ.

ಆದರೆ ನಿಮ್ಮ ಪತ್ರದ ಮೂರು ಸಂಗತಿಗಳ ಕೆಳಗೆ ನಾನು ಗೆರೆ ಎಳೆದಿದ್ದೇನೆ. ಉಳಿದವರು ಹೋದ ಮೇಲಿನ ಅರ್ಧ ಗಂಟೆ. ಇಬ್ಬರೇ ಇರುವ ಗಾಡಿ ಪ್ರಯಾಣ. ಮತ್ತು ‘ಅಮ್ಮನಿಗೆ ಹೇಳಬೇಡ’. ಇವು ಆ ಸರ್ ಮನಸ್ಸಿನ ಬಗ್ಗೆ ಏನನ್ನೂ ಹೇಳದೆ ಇರಬಹುದು. ಆದರೆ ಮಗು ಇರುವ ಸನ್ನಿವೇಶದ ಬಗ್ಗೆ ಹೇಳುತ್ತವೆ, ಮತ್ತು ಸನ್ನಿವೇಶ ನಿಮ್ಮ ಕೈಯಲ್ಲಿದೆ.

ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಂಕಲ್‌ಹೋರ್ 1984ರಲ್ಲೇ ಇದನ್ನು ಸ್ಪಷ್ಟ ಮಾಡಿದರು. ದೌರ್ಜನ್ಯ ನಡೆಯಬೇಕಾದರೆ ನಾಲ್ಕು ಬಾಗಿಲು ದಾಟಬೇಕು. ಆ ವ್ಯಕ್ತಿಯಲ್ಲಿ ಪ್ರೇರಣೆ ಇರಬೇಕು, ತನ್ನ ಒಳಗಿನ ತಡೆಯನ್ನು ಅವನು ಮೀರಬೇಕು, ಸುತ್ತಲಿನವರ ಕಾವಲನ್ನು ಮೀರಬೇಕು, ಕೊನೆಯಲ್ಲಿ ಮಗುವಿನ ಪ್ರತಿರೋಧವನ್ನು ಮೀರಬೇಕು. ಮಗು ನಿಂತಿರುವುದು ನಾಲ್ಕನೆಯ ಬಾಗಿಲಲ್ಲಿ. ನಾವೋ, ಮೂರನೆಯ ಬಾಗಿಲನ್ನು ಹಾರುಹೊಡೆದು, ಹತ್ತು ವರ್ಷದವಳಿಗೆ ‘ಬೇಡ ಅನ್ನು, ಓಡಿಹೋಗು, ಹೇಳು’ ಎಂದು ಪಾಠ ಹೇಳಿ ನೆಮ್ಮದಿಯಾಗುತ್ತೇವೆ. ನಲವತ್ತು ವರ್ಷ ಕಳೆದರೂ ನಾವು ಹೆಚ್ಚು ಕಲಿತಿಲ್ಲ ಎಂದು ನನಗೆ ಆಗಾಗ ಸಿಟ್ಟು ಬರುತ್ತದೆ.

ಹಾಗಂತ ಗುಡ್ ಟಚ್, ಬ್ಯಾಡ್ ಟಚ್ ಪಾಠ ವ್ಯರ್ಥವಲ್ಲ. ಶಾಲೆಗಳಲ್ಲಿ ನಡೆದ ಇಂಥ ಪಾಠಗಳ ಬಗ್ಗೆ 2015ರಲ್ಲಿ, ನಡೆದ ಸಂಶೋಧನೆಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ಸಮೀಕ್ಷೆ ಬಂತು. 24 ಪ್ರಯೋಗಗಳು, 5,802 ಮಕ್ಕಳು. ಮಕ್ಕಳ ತಿಳಿವಳಿಕೆ ಹೆಚ್ಚಿತ್ತು, ತಮ್ಮನ್ನು ಕಾಪಾಡಿಕೊಳ್ಳುವ ಕೌಶಲ ಹೆಚ್ಚಿತ್ತು, ಪಾಲಕರು ಅಂಜುವಂತೆ ಮಕ್ಕಳಲ್ಲಿ ಭಯವೇನೂ ಹೆಚ್ಚಿರಲಿಲ್ಲ. ಆದರೆ ನಿಜವಾಗಿ ದೌರ್ಜನ್ಯ ಕಡಿಮೆಯಾಯಿತೇ ಎಂಬುದನ್ನು ಆ ಪ್ರಯೋಗಗಳು ತೋರಿಸಿಲ್ಲ. ಜೊತೆಗೆ ಆ ಎರಡು ಪದಗಳಲ್ಲೇ ತೊಡಕಿದೆ. ಪಳಗಿಸುವವನ ಸ್ಪರ್ಶ ಶುರುವಿನಲ್ಲಿ ‘ಬ್ಯಾಡ್’ ಅನ್ನಿಸುವುದೇ ಇಲ್ಲ. ಅದು ಭುಜ ತಟ್ಟುವುದು, ಕಚಗುಳಿ, ತಲೆ ಸವರುವುದು. ಹಿತವಾಗಿಯೇ ಇರುತ್ತದೆ. ಮುಂದೆ ಅದು ಬೇರೆಯಾದಾಗ, ಮಗು ಮನಸ್ಸಿನಲ್ಲೇ ಲೆಕ್ಕ ಹಾಕುತ್ತದೆ: ನನಗೆ ಮೊದಲು ಹಿಡಿಸಿತ್ತಲ್ಲ, ಹಾಗಾದರೆ ತಪ್ಪು ನನ್ನದೂ ಇದೆ. ಈ ಲೆಕ್ಕವೇ ಎಷ್ಟೋ ಮಕ್ಕಳ ಬಾಯಿ ಕಟ್ಟಿಹಾಕಿದೆ.

ಅದಕ್ಕೇ ನಾನು ಸ್ಪರ್ಶಕ್ಕಿಂತ ಮೊದಲು ಗುಟ್ಟಿನ ಬಗ್ಗೆ ಹೇಳಿಕೊಡಿ ಎನ್ನುತ್ತೇನೆ. ನಿಯಮ ಒಂದೇ ಸಾಲಿನದು: ದೊಡ್ಡವರು ಮಕ್ಕಳಿಗೆ ಗುಟ್ಟು ಇಟ್ಟುಕೋ ಎನ್ನುವ ಹಾಗಿಲ್ಲ, ಯಾರಾದರೂ ಅಂದರೆ ಆ ಗುಟ್ಟನ್ನು ಅಮ್ಮ ಅಪ್ಪನಿಗೆ ಹೇಳಿದರೆ ತಪ್ಪಿಲ್ಲ. ಸರ್‌ಪ್ರೈಸ್ ಬೇರೆ, ಅದು ನಾಳೆಯೋ ನಾಡಿದ್ದೋ ಎಲ್ಲರಿಗೂ ಗೊತ್ತಾಗುತ್ತದೆ, ಗೊತ್ತಾದಾಗ ಎಲ್ಲರೂ ನಗುತ್ತಾರೆ. ಗುಟ್ಟಿಗೆ ಕೊನೆ ದಿನವೇ ಇಲ್ಲ. ಈ ವ್ಯತ್ಯಾಸ ಐದು ವರ್ಷದ ಮಗುವಿಗೂ ತಿಳಿಯುತ್ತದೆ. ಪಳಗಿಸುವವರಲ್ಲಿ ಹಲವರು ಮೊದಲು ಚಿಲ್ಲರೆ ಗುಟ್ಟಿನಿಂದಲೇ ಶುರು ಮಾಡುತ್ತಾರೆ, ಒಂದು ಚಾಕೊಲೇಟು, ಹತ್ತು ನಿಮಿಷದ ಫೋನ್ ಗೇಮು. ಮಗು ಅದನ್ನು ಮನೆಯಲ್ಲಿ ಹೇಳುತ್ತದೋ ಇಲ್ಲವೋ ಎಂದು ಗೊತ್ತಾಗಲಿ ಎಂದು. ನಿಮ್ಮ ಸರ್ ಬಹುಶಃ ಬೈಸಿಕೊಳ್ಳುವ ಭಯಕ್ಕೇ ಹಾಗೆ ಅಂದಿರಬಹುದು. ಆದರೆ ನೋಡಿ, ನಿಮ್ಮ ಮಗಳು ಹೇಳಿಬಿಟ್ಟಳು. ಪತ್ರದಲ್ಲಿ ನನಗೆ ತುಂಬ ಖುಷಿ ಕೊಟ್ಟ ಸಾಲು ಅದೇ. ಅವಳಿಗೆ ‘ನನಗೆ ಹೇಳಿದ್ದು ಒಳ್ಳೆಯದಾಯ್ತು ಕಂದಾ’ ಎಂದು ಇನ್ನೂ ಹೇಳಿಲ್ಲದಿದ್ದರೆ ಇವತ್ತೇ ಹೇಳಿ. ಫೋನಿನಲ್ಲಿ ಗೇಮ್ ಆಡಿದ್ದಕ್ಕೆ ಗದರಬೇಡಿ. ಗದರಿದರೆ ಮುಂದಿನ ಗುಟ್ಟು ನಿಮ್ಮ ತನಕ ಬರುವುದಿಲ್ಲ.

ಪಾಠ ಹೇಳುವುದಕ್ಕಿಂತ ಆಡಿಸಿ ಕಲಿಸುವುದು ಹೆಚ್ಚು ನಾಟುತ್ತದೆ. ಸ್ಯಾಂಡಿ ವರ್ಟಲಿಯವರಂಥ ಸಂಶೋಧಕರು ಚಿಕ್ಕ ಮಕ್ಕಳ ಜೊತೆ ಹೀಗೇ ಅಭ್ಯಾಸ ಮಾಡಿಸಿ ತೋರಿಸಿದ್ದಾರೆ. ತಲೆ ಬಾಚುವಾಗ ಕೇಳಿ: ‘ಯಾರೋ ಒಬ್ಬ ಅಂಕಲ್ ನಿನಗೆ ಪೆನ್ ಕೊಟ್ಟು ಯಾರಿಗೂ ಹೇಳಬೇಡ ಅಂದರೆ ಏನು ಮಾಡ್ತೀ?’ ‘ನಿಂಗೆ ಹೇಳ್ತೀನಿ.’ ‘ನಾನು ಅಡುಗೆ ಮಾಡ್ತಾ, ಆಮೇಲೆ ಹೇಳು ಅಂದ್ರೆ?’ ಇಲ್ಲಿ ಮಕ್ಕಳು ತಡೆದು ನಿಲ್ಲುತ್ತಾರೆ. ‘ಆಮೇಲೆ ಹೇಳ್ತೀನಿ.’ ‘ಆಮೇಲೂ ನಾನು ಕೇಳಿಸಿಕೊಳ್ಳಲಿಲ್ಲ ಅಂದ್ರೆ?’ ಅಲ್ಲಿಂದಾಚೆಗೆ ಅಜ್ಜಿ, ಟೀಚರ್, ಅತ್ತೆ ಎಂದು ಹೆಸರುಗಳು ಬರಬೇಕು. ನಂಬಿ ಹೇಳಬಹುದಾದ ಒಬ್ಬರಿಗಿಂತ ಹೆಚ್ಚು ಜನ ಅವಳ ಪಟ್ಟಿಯಲ್ಲಿರಲಿ. ಮೊದಲ ಸಲ ಹೇಳಿದಾಗ ನಾವು ಕಿವಿಗೊಡದೆ ಹೋಗುತ್ತೇವೆ, ಎಲ್ಲರೂ ಹೋಗುತ್ತೇವೆ.

ಹೇಳುವುದು ಎಷ್ಟು ಕಷ್ಟ ಎಂಬುದಕ್ಕೆ ಒಂದು ಜೋಡಿ ಅಂಕಿ. ಜಗತ್ತಿನ 217 ಪ್ರಕಟಣೆಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯೊಂದರಲ್ಲಿ, ಜನರನ್ನೇ ನೇರ ಕೇಳಿದಾಗ ಸಾವಿರಕ್ಕೆ 127 ಮಂದಿ ಬಾಲ್ಯದಲ್ಲಿ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದಾಗಿ ಹೇಳಿದ್ದರು. ಹೆಣ್ಣುಮಕ್ಕಳಲ್ಲಿ 180, ಗಂಡುಮಕ್ಕಳಲ್ಲಿ 76. ಅದೇ, ಮಕ್ಕಳ ಜೊತೆ ಕೆಲಸ ಮಾಡುವ ವೃತ್ತಿಪರರಂಥವರ ಕಣ್ಣಿಗೆ ಬಿದ್ದು ಲೆಕ್ಕಕ್ಕೆ ಸಿಕ್ಕಿದ್ದು ಸಾವಿರಕ್ಕೆ 4. ಈ 127ಕ್ಕೂ 4ಕ್ಕೂ ನಡುವಿನ ಕಂದರದಲ್ಲಿ ಬಾಯಿ ಬಿಡದ ಮಕ್ಕಳಿದ್ದಾರೆ. ಆಸ್ಟ್ರೇಲಿಯಾದಲ್ಲಿ 2013ರಿಂದ 2017ರವರೆಗೆ, ಸಂಸ್ಥೆಗಳಲ್ಲಿ ಮಕ್ಕಳ ಮೇಲಾದ ಲೈಂಗಿಕ ದೌರ್ಜನ್ಯದ ವಿಚಾರಣೆ ನಡೆಸಿದ ರಾಯಲ್ ಕಮಿಷನ್ ಮುಂದೆ ಖಾಸಗಿಯಾಗಿ ಮಾತಾಡಿದ ಸಂತ್ರಸ್ತರು ಮೊದಲ ಬಾರಿ ಯಾರಿಗಾದರೂ ಹೇಳಿಕೊಳ್ಳಲು ಸರಾಸರಿ 23.9 ವರ್ಷ ತೆಗೆದುಕೊಂಡಿದ್ದರು.

ಹೇಳುವಾಗಲೂ ನೆಟ್ಟಗೆ ಹೇಳುವುದಿಲ್ಲ. ಹನ್ನೊಂದರ ಹುಡುಗನೊಬ್ಬ (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ) ನನ್ನ ಬಳಿ ಮೂರು ಸಲ ಬಂದರೂ ಏನೂ ಹೇಳಿರಲಿಲ್ಲ. ನಾಲ್ಕನೆಯ ಸಲ, ಹೊರಡಲು ಎದ್ದು ಬಾಗಿಲ ಬಳಿ ಚಪ್ಪಲಿ ಹಾಕಿಕೊಳ್ಳುತ್ತಿದ್ದ. ಬೆನ್ನು ನನ್ನ ಕಡೆಗಿತ್ತು. ‘ಆಂಟಿ, ಮಾತು ಕೊಟ್ಟು ಮುರಿದರೆ ತಪ್ಪಲ್ವಾ?’ ಎಂದ. ‘ಯಾವ ಮಾತು ಅನ್ನೋದರ ಮೇಲಿದೆ’ ಎಂದೆ. ಅವನು ತಿರುಗಲಿಲ್ಲ. ಒಂದು ಚಪ್ಪಲಿ ಕಾಲಲ್ಲಿ, ಇನ್ನೊಂದು ಕೈಯಲ್ಲಿ ಹಿಡಿದು, ಬಾಗಿಲಿಗೆ ಹೇಳುವಂತೆ ಹೇಳಿದ. ನಾನು ಕೂತಲ್ಲಿಂದ ಏಳಲಿಲ್ಲ. ಎದ್ದಿದ್ದರೆ ನಿಲ್ಲಿಸುತ್ತಿದ್ದ ಎಂದು ಈಗಲೂ ಅನ್ನಿಸುತ್ತದೆ.

ಈ ವಾರ ನೀವು ಮಾಡಬಹುದಾದದ್ದು ಇಷ್ಟು. ಸರ್‌ಗೆ ಸಹಜ ದನಿಯಲ್ಲಿ, ಆದರೆ ನೇರವಾಗಿ ಹೇಳಿ: ‘ಸರ್, ನಮ್ಮ ಮನೇಲಿ ಒಂದು ನಿಯಮ ಇದೆ, ಯಾರ ಹತ್ರಾನೂ ಗುಟ್ಟು ಇಟ್ಕೊಳ್ಳೋ ಹಾಗಿಲ್ಲ ಅಂತ ಅವಳಿಗೆ ಹೇಳಿದ್ದೀವಿ. ಹೆಚ್ಚಿನ ಪಾಠ ಇದ್ದರೆ ನಾನೂ ಬಂದು ಕೂರ್ತೀನಿ, ಕರ್ಕೊಂಡು ಹೋಗೋದೂ ನಾವೇ. ಮೆಸೇಜ್ ಇದ್ದರೆ ನನ್ನ ನಂಬರಿಗೆ ಹಾಕಿ.’ ಕಾರಣ ಕೊಡುತ್ತ ಕೂರಬೇಡಿ, ಕ್ಷಮೆಯನ್ನೂ ಕೇಳಬೇಡಿ. ಈ ನಿಯಮ ಅವರೊಬ್ಬರಿಗಲ್ಲ, ಸಂಗೀತದ ಮೇಷ್ಟ್ರಿಗೂ ಚಿಕ್ಕಪ್ಪನಿಗೂ ಇದೇ. ಎಲ್ಲರಿಗೂ ಒಂದೇ ನಿಯಮವಾದಾಗ ಯಾರನ್ನೂ ಅನುಮಾನಿಸಿದಂತಾಗುವುದಿಲ್ಲ. ಯಜಮಾನರಿಗೂ ಹೀಗೇ ಹೇಳಿ: ‘ಅವರ ಮೇಲೆ ಅನುಮಾನ ಅಲ್ಲ, ನಮ್ಮ ಮನೆ ನಿಯಮ.’ ಬಹಳ ಮನೆಗಳಲ್ಲಿ ಜಗಳ ನಿಲ್ಲುವುದು ಈ ಮಾತಿನಿಂದ. ಕಲಿಸುವ ಜಾಗದಲ್ಲೂ ಕೇಳಿ: ಬಾಗಿಲು ತೆರೆದಿರುತ್ತದೆಯೇ, ಕಿಟಕಿಯಿಂದ ಒಳಗೆ ಕಾಣುತ್ತದೆಯೇ, ಇನ್ನೊಬ್ಬ ವಯಸ್ಕರು ಯಾವಾಗ ಬೇಕಾದರೂ ಒಳಗೆ ಬರಬಹುದೇ.

ಆಮೇಲೆ ಅವರ ಪ್ರತಿಕ್ರಿಯೆ ಗಮನಿಸಿ. ‘ಸರಿ ಮೇಡಂ, ಅದು ನಂದೇ ತಪ್ಪು’ ಎಂದು ಮರುದಿನದಿಂದ ಅದರಂತೆ ನಡೆದರೆ ಒಳ್ಳೆಯದು, ನಿಯಮ ಮಾತ್ರ ಮುಂದುವರಿಯಲಿ, ಯಾಕೆಂದರೆ ಒಪ್ಪಿಕೊಂಡರು ಎಂಬುದೂ ಪ್ರಮಾಣಪತ್ರವಲ್ಲ. ಮುನಿಸಿಕೊಂಡರೆ, ಮಗುವಿನ ಬಳಿ ‘ನಿಮ್ಮಮ್ಮ ನನ್ನನ್ನು ನಂಬಲ್ಲ’ ಎಂದು ಅಲವತ್ತುಕೊಂಡರೆ, ನಿಯಮದ ಸುತ್ತ ಹೊಸ ದಾರಿ ಹುಡುಕಿದರೆ, ಕ್ಲಾಸ್ ಬದಲಿಸಿ. ಸಾಬೀತಿಗಾಗಿ ಕಾಯಬೇಕಿಲ್ಲ. ಚೆಸ್ ಬೇರೆ ಕಡೆಯೂ ಕಲಿಸುತ್ತಾರೆ.

ಮಗಳನ್ನು ಈಗ ಕೂರಿಸಿ ವಿಚಾರಣೆ ಮಾಡಬೇಡಿ. ‘ಸರ್ ನಿನ್ನ ಮುಟ್ಟಿದ್ರಾ? ಎಲ್ಲಿ?’ ಎಂಬಂಥ ಪ್ರಶ್ನೆಗಳು ಮಗುವಿನ ಬಾಯಿಗೆ ನಾವೇ ಮಾತು ತುರುಕಿದಂತೆ. ಕ್ಯಾಲಿಫೋರ್ನಿಯಾದ ಶಿಶುವಿಹಾರವೊಂದರ ಮೇಲೆ 1983ರಲ್ಲಿ ಶುರುವಾದ ಪ್ರಕರಣ ಏಳು ವರ್ಷ ಎಳೆದು, 1990ರಲ್ಲಿ ಯಾರಿಗೂ ಶಿಕ್ಷೆಯಾಗದೆ ಮುಗಿಯಿತು. ಮಕ್ಕಳನ್ನು ಪದೇ ಪದೇ, ಉತ್ತರ ಅಡಗಿದ ಪ್ರಶ್ನೆಗಳಿಂದ ಕೇಳಿದ್ದು ಅಲ್ಲಿನ ಒಂದು ದೊಡ್ಡ ದೋಷ. ಇಂಥ ಪ್ರಕರಣಗಳ ಪಾಠದಿಂದ ತೆರೆದ ಪ್ರಶ್ನೆಗಳ ಸಂದರ್ಶನ ಪದ್ಧತಿಗಳು ಬೆಳೆದವು. ನಿಮಗೆ ಬೇಕಾದದ್ದು ಅದರ ಸಾರ ಮಾತ್ರ: ‘ಕ್ಲಾಸಿನಲ್ಲಿ ಏನೇನಾಯ್ತು ಹೇಳು’, ‘ಆಮೇಲೆ?’ ಎನ್ನಿ, ಸುಮ್ಮನಾಗಿ. ಮೌನ ನಮಗೆ ಕಷ್ಟ, ಮಕ್ಕಳಿಗೆ ಅಷ್ಟೊಂದಲ್ಲ.

ಇದೆಲ್ಲದರ ನಡುವೆ ಅವಳು ಏನಾದರೂ ಹೇಳಿಯೇಬಿಟ್ಟರೆ, ಮುಖ ಬಿಗಿಯಾಗದಂತೆ ನೋಡಿಕೊಳ್ಳಿ. ‘ನೀನು ಹೇಳಿದ್ದು ಸರಿ, ತಪ್ಪು ನಿನ್ನದಲ್ಲ, ಇನ್ನು ನಾವು ನೋಡ್ಕೊಳ್ತೀವಿ.’ ಅವಳ ಮಾತನ್ನು ಅವಳ ಪದಗಳಲ್ಲೇ ಬರೆದಿಡಿ, ಫೋನಿನ ಸಂದೇಶಗಳನ್ನು ಅಳಿಸಬೇಡಿ. ಆ ವ್ಯಕ್ತಿಯನ್ನು ನೀವೇ ಹೋಗಿ ಕೇಳಬೇಡಿ, ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ತಿಳಿಸಿ. ವೈದ್ಯರು ನೋಡಿ ‘ಏನೂ ಕಾಣುತ್ತಿಲ್ಲ’ ಎಂದರೆ ಏನೂ ಆಗಿಲ್ಲ ಎಂದುಕೊಳ್ಳಬೇಡಿ. ಸಂಶಯದ ಮೇಲೆ ಪರೀಕ್ಷೆಗೆ ಬಂದ 2,384 ಮಕ್ಕಳ ಬಗ್ಗೆ 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ದೇಹದ ಮೇಲೆ ಅಸಹಜ ಗುರುತು ಸಿಕ್ಕಿದ್ದು ಶೇ. 4ರಷ್ಟು ಮಕ್ಕಳಲ್ಲಿ ಮಾತ್ರ. ನಾಳೆ ಅವಳೇ ‘ನಾನು ಸುಳ್ಳು ಹೇಳಿದೆ’ ಎಂದರೂ ಅವಸರಪಡಬೇಡಿ. ರೋಲಂಡ್ ಸಮಿಟ್ ಎಂಬ ಮನೋವೈದ್ಯರು 1983ರಲ್ಲೇ ಈ ಹಿಂಜರಿತದ ಬಗ್ಗೆ ಬರೆದಿದ್ದರು. 2007ರ ಅಧ್ಯಯನವೊಂದರಲ್ಲಿ, ದೌರ್ಜನ್ಯ ನಡೆದಿದೆ ಎಂದು ಮಕ್ಕಳ ರಕ್ಷಣಾ ವ್ಯವಸ್ಥೆ ಒಪ್ಪಿಕೊಂಡಿದ್ದ 257 ಪ್ರಕರಣಗಳಲ್ಲಿ ಶೇ. 23ರಷ್ಟು ಮಕ್ಕಳು ಮಾತು ಹಿಂತೆಗೆದುಕೊಂಡಿದ್ದರು. ಬೆನ್ನಿಗೆ ನಿಲ್ಲಬೇಕಾದ ತಂದೆಯೋ ತಾಯಿಯೋ ನಿಲ್ಲದಿದ್ದ ಮನೆಗಳಲ್ಲಿ ಅದು ಹೆಚ್ಚು.

ಕೊನೆಯದಾಗಿ ಎರಡು ಮಾತು, ಪ್ರಶ್ನೆಯ ಹೊರಗಿನದು. ಅಪರಿಚಿತನ ಭಯವನ್ನು ಮಕ್ಕಳಿಗೆ ಅತಿಯಾಗಿ ತುಂಬುತ್ತೇವೆ, ಬಹುಪಾಲು ಪ್ರಕರಣಗಳಲ್ಲಿ ಮಗುವಿಗೆ ಪರಿಚಯವಿದ್ದವರೇ ಇರುತ್ತಾರೆ. ಎಲ್ಲರೂ ವಯಸ್ಕರೂ ಅಲ್ಲ. ಅಮೆರಿಕದ ಪೊಲೀಸ್ ದಾಖಲೆಗಳನ್ನು ಆಧರಿಸಿದ 2009ರ ವರದಿಯಲ್ಲಿ, ಮಕ್ಕಳ ಮೇಲೆ ಲೈಂಗಿಕ ಅಪರಾಧ ಎಸಗಿದವರಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಮಂದಿ ತಾವೇ ಹದಿನೆಂಟು ತುಂಬದವರು. ಹಾಗಾಗಿ ಬಾಗಿಲು ತೆರೆದಿರಲಿ ಎಂಬ ನಿಯಮ ಅಣ್ಣ-ತಮ್ಮಂದಿರ ಆಟಕ್ಕೂ ಇರಲಿ. ಆನ್‌ಲೈನಿನಲ್ಲಿ ಬಾಗಿಲು ಎಂದರೆ ಖಾಸಗಿ ಚಾಟ್. ‘ಇಲ್ಲಿ ಬೇಡ, ಆ ಆ್ಯಪ್‌ಗೆ ಬಾ’ ಎಂದು ಯಾರಾದರೂ ಕರೆದರೆ ಅದು ‘ಅಮ್ಮನಿಗೆ ಹೇಳಬೇಡ’ ಎಂಬುದರ ಇನ್ನೊಂದು ರೂಪ.

ಮುಂದಿನ ಕ್ಲಾಸಿನ ದಿನ, ಎಲ್ಲ ಮಕ್ಕಳೂ ಹೊರಬರುವ ಹೊತ್ತಿಗೆ ನೀವು ಅಲ್ಲಿರಿ. ಒಳಗೆ ಹೋಗಿ ಕೂರಿ. ಬೇಕಿದ್ದರೆ ಆ ಅರ್ಧ ಗಂಟೆಯಲ್ಲಿ ಕುದುರೆ ಹೇಗೆ ನಡೆಯುತ್ತದೆ ಎಂದು ಮಗಳನ್ನೇ ಕೇಳಿ ಕಲಿಯಿರಿ.